ಸುಗಮ ಸಂಗೀತದ ವೇದಿಕೆಯಲ್ಲಿ ಹಲವು ವಾದ್ಯಗಳ ವೃತ್ತಿ: ಕಟ್ಟಿಕೊಳ್ಳುವ ಬಗೆ

ಬೆಂಗಳೂರು, ಮೈಸೂರು, ಶಿವಮೊಗ್ಗ, ಧಾರವಾಡಗಳಲ್ಲಿ ನಡೆಯುವ ಬಹುಪಾಲು ಸುಗಮ ಸಂಗೀತ ಕಾರ್ಯಕ್ರಮಗಳಲ್ಲಿ ಗಾಯಕರೊಂದಿಗೆ ತಬಲಾ, ಕೀಬೋರ್ಡ್, ಹೆಚ್ಚೆಂದರೆ ಕೊಳಲು ಮತ್ತು ರಿದಂ ಪ್ಯಾಡ್ (ಬಡಿದು ನುಡಿಸುವ ಎಲೆಕ್ಟ್ರಾನಿಕ್ ತಾಳವಾದ್ಯ) ಇರುತ್ತವೆ. ಸಂಘಟಕರ ಹಣ ಅಷ್ಟಕ್ಕೇ ಮುಗಿಯುವುದರಿಂದ, ಎರಡು ಮೂರು ವಾದ್ಯಗಳನ್ನು ಹದವಾಗಿ ನುಡಿಸಬಲ್ಲ ಪಕ್ಕವಾದ್ಯದವರಿಗೆ ಇಲ್ಲಿ ನಿಜವಾದ ಬೇಡಿಕೆಯಿದೆ. ಈ ವೃತ್ತಿಗೆ ಬರಬೇಕೆನ್ನುವ ಕಿರಿಯರು ಮೊದಲು ಒಂದು ವಾದ್ಯವನ್ನು ಗುರುಮುಖೇನ, ಆ ಒಂದರಿಂದಲೇ ಬದುಕಬಲ್ಲೆನೆನ್ನುವ ಮಟ್ಟದವರೆಗೆ ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಐದು ವಾದ್ಯಗಳನ್ನು ಅರೆಬರೆ ಬಲ್ಲವರಿಗೆ ಒಮ್ಮೆ ಕರೆ ಬರುತ್ತದೆ. ಮತ್ತೆ ಕರೆಯುವಾಗ ಗಾಯಕರು ಹಿಂಜರಿಯುತ್ತಾರೆ.

ಎರಡನೆಯ ವಾದ್ಯವನ್ನು ಮೊದಲನೆಯದರ ನೆಂಟಸ್ತಿಕೆ ನೋಡಿ ಆರಿಸಿಕೊಳ್ಳಿ. ತಬಲಾ ಬಲ್ಲವರಿಗೆ ಕಹರವಾ, ದಾದರಾ, ರೂಪಕ ತಾಳಗಳ ನಡೆ ಈಗಾಗಲೇ ಮೈಗೂಡಿರುವುದರಿಂದ ಢೋಲಕ್ ಮತ್ತು ರಿದಂ ಪ್ಯಾಡ್ ಬೇಗ ಒಲಿಯುತ್ತವೆ. ಹಾರ್ಮೋನಿಯಂನಿಂದ ಕೀಬೋರ್ಡಿಗೆ ಬರುವವರ ಬಲಗೈ ಸಿದ್ಧವಾಗಿರುತ್ತದೆ. ಆದರೆ ತಿದಿ ಒತ್ತುತ್ತಿದ್ದ ಎಡಗೈಗೆ ಏಕಕಾಲಕ್ಕೆ ನುಡಿಸುವ ಸ್ವರಗುಚ್ಛಗಳಾದ ಕಾರ್ಡ್‌ಗಳನ್ನು ಮೊದಲಿನಿಂದ ಕಲಿಸಬೇಕು. ಪಿಟೀಲಿನಿಂದ ಮ್ಯಾಂಡೊಲಿನ್ ಸುಲಭವೆಂದು ಹೇಳುವವರಿದ್ದಾರೆ. ಪಾಶ್ಚಾತ್ಯ ಪಿಟೀಲಿನ ಮಟ್ಟಿಗೆ ಅದು ಸರಿ, ಎರಡರ ತಂತಿಗಳೂ ಜಿ, ಡಿ, ಎ, ಇ ಸ್ವರಗಳಿಗೇ ಕೂಡುತ್ತವೆ. ಸ-ಪ-ಸ-ಪ ಕೂಡಿಸಿಕೊಳ್ಳುವ ಕರ್ನಾಟಕ ಶೈಲಿಯ ಪಿಟೀಲಿನವರು ಮಾತ್ರ ಬೆರಳಿನ ಲೆಕ್ಕವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ನಾಗಸ್ವರದ ಮನೆತನದಿಂದ ಬಂದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತವನ್ನು ಅಷ್ಟು ಸಮರ್ಥವಾಗಿ ನುಡಿಸಿದ್ದರ ಹಿಂದೆ ಆ ಮೊದಲ ಊದುವಾದ್ಯದ ಸಂಸ್ಕಾರವಿತ್ತೆಂಬುದನ್ನು ನೆನಪಿಡುವುದು ಒಳ್ಳೆಯದು.

ಹಲವು ವಾದ್ಯಗಳನ್ನು ಹಿಡಿಯುವವರ ನಿಜವಾದ ಪರೀಕ್ಷೆ ಶ್ರುತಿಯಲ್ಲಿ ನಡೆಯುತ್ತದೆ. ಕರ್ನಾಟಕ ಸಂಗೀತದವರ ಒಂದೂವರೆ ಮನೆ, ಹಾರ್ಮೋನಿಯಂನವರ ಕಪ್ಪು ಒಂದು (ಸಪ್ತಕದ ಮೊದಲ ಕಪ್ಪು ಕೀ), ಕೀಬೋರ್ಡಿನವರ ಸಿ ಶಾರ್ಪ್ ಮೂರೂ ಒಂದೇ ಸ್ವರ. ಯಾರು ಯಾವ ಭಾಷೆಯಲ್ಲಿ ಹೇಳಿದರೂ ಕೈ ತಕ್ಷಣ ಅಲ್ಲಿಗೆ ಹೋಗುವಷ್ಟು ಈ ಲೆಕ್ಕ ಬಾಯಿಪಾಠವಾಗಿರಬೇಕು. ಕಪ್ಪು ಒಂದಕ್ಕೆ ಕೂಡಿಸಿದ ದಾಯಾಂ (ತಬಲಾ ಜೋಡಿಯ ಬಲಗೈ ವಾದ್ಯ), ಅದೇ ಶ್ರುತಿಯ ಗಾಯಕರಿಗೆ ಷಡ್ಜವಾಗುತ್ತದೆ, ಕಪ್ಪು ಮೂರರಲ್ಲಿ ಹಾಡುವವರಿಗೆ ಪಂಚಮವಾಗುತ್ತದೆ, ಕಪ್ಪು ನಾಲ್ಕರಲ್ಲಿ ಹಾಡುವ ಗಾಯಕಿಗೆ ಮಧ್ಯಮವಾಗುತ್ತದೆ. ಹೀಗೆ ಒಂದೇ ತಬಲಾದಲ್ಲಿ ಮೂರು ಶ್ರುತಿಗಳನ್ನು ನಿಭಾಯಿಸಬಹುದು. ಆದರೆ ಅದೇ ಗಾಯಕಿ ಮಧ್ಯಮವೇ ಇಲ್ಲದ ಮೋಹನ ರಾಗದ ಛಾಯೆಯ ಗೀತೆಯನ್ನು ಎತ್ತಿಕೊಂಡರೆ ಪ್ರತಿ ಪೆಟ್ಟೂ ರಾಗಕ್ಕೆ ಅಡ್ಡ ಬರುತ್ತದೆ. ಅಂಥ ಹೊತ್ತಿಗಾಗಿ ಕಪ್ಪು ಎರಡರವರೆಗೆ ಏರಬಲ್ಲ ಚಿಕ್ಕ ದಾಯಾಂ ಒಂದನ್ನು ಜೊತೆಗೆ ಒಯ್ದರೆ ಅದು ಅವರ ಪಂಚಮಕ್ಕೆ ನಿಲ್ಲುತ್ತದೆ.

ಹಳೆಯ ಹಾರ್ಮೋನಿಯಂ ಇರುವ ತಂಡದಲ್ಲಿ ಕೀಬೋರ್ಡ್ ನುಡಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಅದರ ರೀಡ್‌ಗಳು ಎಷ್ಟೋ ವೇಳೆ ಕೀಬೋರ್ಡ್ ಅನುಸರಿಸುವ 440 ಹರ್ಟ್ಸ್ ಅಳತೆಗೆ ಸರಿಯಾಗಿ ಕೂಡಿರುವುದಿಲ್ಲ. ಟ್ರಾನ್ಸ್‌ಪೋಸ್ ಗುಂಡಿ ಶ್ರುತಿಯನ್ನು ಅರ್ಧ ಮನೆಗಿಂತ ಕಡಿಮೆ ಅಂತರದಲ್ಲಿ ಸರಿಸುವುದಿಲ್ಲವಾದ್ದರಿಂದ, ಇಡೀ ಕೀಬೋರ್ಡಿನ ಶ್ರುತಿಯನ್ನು ಸೂಕ್ಷ್ಮವಾಗಿ ಏರಿಳಿಸುವ ಮಾಸ್ಟರ್ ಟ್ಯೂನಿಂಗ್‌ಗೆ ಹೋಗಿ ಕಿವಿಯಿಂದಲೇ ಸರಿಹೊಂದಿಸಬೇಕು. ಹವಾನಿಯಂತ್ರಿತ ಸಭಾಂಗಣದಲ್ಲಿ ತಣ್ಣಗೆ ಬಿದ್ದಿರುವ ಕೊಳಲು ಇಳಿದ ಶ್ರುತಿಯಲ್ಲಿ ನುಡಿಯುತ್ತದೆ; ನಿಮ್ಮ ಬಿಟ್ (ಸಾಹಿತ್ಯದ ನಡುವೆ ವಾದ್ಯ ಮಾತ್ರ ನುಡಿಯುವ ಭಾಗ) ಬರುವ ಮುನ್ನ ಸದ್ದಾಗದಂತೆ ಉಸಿರು ಊದಿ ಅದನ್ನು ಬೆಚ್ಚಗೆ ಮಾಡಿಕೊಳ್ಳಿ. ಮಳೆಗಾಲದ ತೇವಕ್ಕೆ ತಬಲಾದ ಚರ್ಮವೂ ಸಡಿಲಗೊಳ್ಳುತ್ತದೆ.

ಪಲ್ಲವಿ ಮುಗಿದು ಮೊದಲ ಚರಣಕ್ಕೆ ಮುನ್ನ ಕೊಳಲು, ಎರಡನೆಯದಕ್ಕೆ ಮುನ್ನ ಮ್ಯಾಂಡೊಲಿನ್ ಎಂದು ಹಂಚಿಕೊಂಡಿದ್ದರೆ, ವಾದ್ಯ ಬದಲಿಸುವ ಆವರ್ತಗಳನ್ನೂ ಸ್ವರಲಿಪಿಯ ಪುಸ್ತಕದಲ್ಲಿ ಗುರುತು ಹಾಕಿಡಿ, ಮನೆಯಲ್ಲಿ ಆ ಬದಲಾವಣೆಯನ್ನೇ ಅಭ್ಯಾಸ ಮಾಡಿ. ಕೈಯಲ್ಲಿಲ್ಲದ ವಾದ್ಯದ ಮೈಕ್ ತೆರೆದಿರಬಾರದೆಂದು ಸೌಂಡ್ ಚೆಕ್ ವೇಳೆಯಲ್ಲೇ ಧ್ವನಿವರ್ಧಕದವರಿಗೆ ತಿಳಿಸಿ. ಸಾಹಿತ್ಯ ನಡೆಯುತ್ತಿರುವಾಗ ಕೈ ಹಗುರವಾಗಿರಲಿ. ಭಾವಗೀತೆಯನ್ನು ಕೇಳಲು ಬಂದವರು ಕವಿಯ ಮಾತಿಗಾಗಿ ಬಂದಿರುತ್ತಾರೆ. ಮೂರು ವಾದ್ಯ ಬಲ್ಲೆನೆಂದು ಮೂರನ್ನೂ ಒಂದೇ ಗೀತೆಯಲ್ಲಿ ತುರುಕುವುದು ಆ ಕವಿತೆಗೆ ಮಾಡುವ ಅನ್ಯಾಯ.

ಸಂಪಾದನೆ ವರ್ಷವಿಡೀ ಒಂದೇ ಸಮನಾಗಿ ಇರುವುದಿಲ್ಲ. ಗಣೇಶೋತ್ಸವ, ದಸರಾ, ನವೆಂಬರ್ ತಿಂಗಳು ಪೂರ್ತಿ ನಡೆಯುವ ರಾಜ್ಯೋತ್ಸವ ಮತ್ತು ಮದುವೆಯ ಋತುಗಳಲ್ಲಿ ಬಿಡುವಿರುವುದಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಯ ಕೆಲಸ ನಿಂತೇಹೋಗುತ್ತದೆ. ಆ ದಿನಗಳನ್ನು ಪಾಠ ಹೇಳಲು, ಸ್ಟುಡಿಯೋ ಕೆಲಸಕ್ಕೆ ಮತ್ತು ರಂಗತಂಡಗಳಿಗೆ ಮೀಸಲಿಡಿ. ಬಿ.ವಿ. ಕಾರಂತರು ನಿರ್ದೇಶಕರಾಗಿ 1989ರಲ್ಲಿ ಆರಂಭವಾದ ಮೈಸೂರಿನ ರಂಗಾಯಣದಿಂದ ಹಿಡಿದು ಹವ್ಯಾಸಿ ತಂಡಗಳವರೆಗೆ, ನಾಟಕದವರಿಗೆ ಒಬ್ಬರೇ ಕುಳಿತು ಹಲವು ನಾದಗಳನ್ನು ಹೊರಡಿಸುವವರು ಯಾವಾಗಲೂ ಬೇಕು. ಆಕಾಶವಾಣಿಯ ಧ್ವನಿಪರೀಕ್ಷೆಗೆ ಮುಖ್ಯ ವಾದ್ಯದಲ್ಲೇ ಹಾಜರಾಗಿ; ಅಲ್ಲಿ ಸಿಗುವ ಬಿ, ಬಿ-ಹೈ, ಎ ಶ್ರೇಣಿಗಳು ಆಯಾ ವಾದ್ಯಕ್ಕೆ ಸಂಬಂಧಿಸಿದವು, ಸರ್ಕಾರಿ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವಾಗಲೂ ಅವಕ್ಕೆ ಬೆಲೆಯಿದೆ.

ಸಂಭಾವನೆಯ ಮಾತನ್ನು ಒಪ್ಪಿಕೊಳ್ಳುವ ದಿನವೇ ಮುಗಿಸಿ. ಎರಡು ವಾದ್ಯ ತರುವುದಾದರೆ ಸಾಗಾಣಿಕೆಯ ಖರ್ಚು ಬೇರೆ, ಸಂಭಾವನೆ ಬೇರೆ ಎಂದು ಸಂದೇಶದಲ್ಲಿ ಬರೆದು ತಿಳಿಸಿ. ಊರಿನಲ್ಲಿ ಕೊಳಲಿನಿಂದಲೇ ಜೀವನ ನಡೆಸುವ ಕಲಾವಿದರಿದ್ದು, ಅವರನ್ನು ಕರೆಯುವಷ್ಟು ಹಣವೂ ಸಂಘಟಕರ ಬಳಿ ಇದ್ದರೆ, ಅವರ ಹೆಸರನ್ನು ನೀವೇ ಸೂಚಿಸಿ. ನಿಮಗೆ ಒಂದೇ ದಿನ ಎರಡು ಕಡೆಯಿಂದ ಕರೆ ಬಂದಾಗ ನಿಮ್ಮ ಜಾಗದಲ್ಲಿ ಕೂರಬೇಕಾದವರೂ ಅವರೇ ಆಗಿರುವುದರಿಂದ, ಗೀತೆಗಳ ಶ್ರುತಿ, ತಾಳ ಮತ್ತು ಬಿಟ್‌ಗಳ ಸ್ವರಲಿಪಿಯ ಪ್ರತಿಯೊಂದನ್ನು ಅವರಿಗೂ ಮುಂಚಿತವಾಗಿ ಕೊಟ್ಟಿಡಿ.