ಬ್ಲೂಗ್ರಾಸ್ ಹಾಡಿನಲ್ಲಿ ರೇಸ್ ಕಾರು: ಕೊನೆಗೂ ಓಡಿಸಿದೆ

ಕಾರ್ ರೇಸಿನ ಮೇಲೆ ಬ್ಲೂಗ್ರಾಸ್ (ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್‌ಗಳ ಅಮೆರಿಕದ ಹಳ್ಳಿಗಾಡಿನ ಸಂಗೀತ) ಹಾಡು ಮಾಡುತ್ತೇನೆ ಅಂದಾಗ ಅಮೆರಿಕದ ನಾರ್ತ್ ಕ್ಯಾರೊಲೈನಾದ ಕಾನ್‌ಕಾರ್ಡ್‌ನ ನಮ್ಮ ಜ್ಯಾಮ್ ಗುಂಪಿನವರು, ಅಂದರೆ ಸೇರಿ ನುಡಿಸುವ ಗೆಳೆಯರು, ಹೇಳಿದ್ದು ಒಂದೇ ಮಾತು. ಟೆಂಪೋ ಏರಿಸು, ಬ್ಯಾಂಜೋ ತಂತಿಗಳನ್ನು ಒಂದರ ಹಿಂದೊಂದು ಬೇಗ ಮೀಟುವ ರೋಲ್ ಬಿಡು, ಆಯ್ತು. ಏರಿಸಿ ನೋಡಿದೆವು. ನಿಮಿಷಕ್ಕೆ 160 ಬಡಿತ ದಾಟಿದರೆ ಹಾಡಿನ ಮಾತೇ ಕೇಳಿಸುವುದಿಲ್ಲ, ತಾಳ ಹಿಡಿಯುವ ಮ್ಯಾಂಡೊಲಿನ್ ಚಾಪ್ (ಚುಟುಕು ಮೀಟು) ಹಿಂದೆ ಬೀಳುತ್ತದೆ.

ಆಮೇಲೆ ಸ್ಟುಡಿಯೋದಲ್ಲಿ ನಿಜವಾದ ವಿ8 ಇಂಜಿನ್ ಸದ್ದು ಸೇರಿಸಿದೆವು. ಗಂಟೆಗೆ 50-60 ಡಾಲರ್ ಬಾಡಿಗೆ, ಒಟ್ಟು 900ರ ಹತ್ತಿರ ಕೈಬಿಟ್ಟು ಹೋಯಿತು. ಕೇಳಿದರೆ ಟೈರ್ ಅಂಗಡಿ ಜಾಹೀರಾತು! ನುಡಿಸುತ್ತಲೇ ತಂತಿಯ ಶ್ರುತಿ ಬದಲಿಸಲು ಬ್ಯಾಂಜೋಗೆ ಹಾಕಿಸಿದ ಸ್ಕ್ರಗ್ಸ್ ಟ್ಯೂನರ್‌ಗೂ 200ರ ಮೇಲಾಯಿತು. ಗೇರ್ ಬದಲಿಸಿದ ಹಾಗೆ ತಂತಿ ಇಳಿಸಿ ಏರಿಸುವುದು ಚೆನ್ನಾಗಿತ್ತು, ಆದರೆ ಎರಡನೇ ಸಲಕ್ಕೇ ಬೇಸರ ಬಂತು.

ಉಪಾಯ ಸಿಕ್ಕಿದ್ದು ಟ್ರ್ಯಾಕಿನ ಬೇಲಿ ಪಕ್ಕ. ಕಾರು ಹಾದುಹೋಗುವಾಗ ಸ್ವರ ಬೀಳುತ್ತದಲ್ವಾ, ಅದನ್ನು ಅಳೆದೆ. ಇಲ್ಲಿನ ಒಂದೂವರೆ ಮೈಲಿ ಟ್ರ್ಯಾಕಿನಲ್ಲಿ ಗಂಟೆಗೆ 180 ಮೈಲಿ ಅಂದರೆ ಹೆಚ್ಚು ಕಡಿಮೆ ಕರ್ನಾಟಕ ಸಂಗೀತದ ಶುದ್ಧ ಧೈವತದಿಂದ ಷಡ್ಜಕ್ಕೆ. ನಾರ್ತ್ ವಿಲ್ಕ್ಸ್‌ಬರೊದಂಥ ಸಣ್ಣ ಟ್ರ್ಯಾಕಿನಲ್ಲಿ, 110ರ ಆಸುಪಾಸಿನ ವೇಗದಲ್ಲಿ, ಶುದ್ಧ ಮಧ್ಯಮದಿಂದ ಷಡ್ಜಕ್ಕೆ. ಸಂಗೀತದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು! ಮಧ್ಯಮದ್ದೇ ಆರಿಸಿದೆ, ಅದು ಒಂದೇ ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ. ಫಿಡಲ್‌ನವನು (ಪಿಟೀಲಿನವನು) ಮೈಕಿಗೆ ನುಗ್ಗಿ ಬರಬೇಕು, ಮೈಕ್ ದಾಟುವಾಗಲೇ ಸ್ವರ ಜಾರಿಸಿ ಆ ಕಡೆ ಹೊರಟುಹೋಗಬೇಕು. ಒಂದೇ ಮೈಕ್ ಇಟ್ಟು ನುಡಿಸುವವರಿಗೆ ಈ ಓಡಾಟ ಹೊಸದಲ್ಲ. ಟೆಂಪೋ 130ರ ಆಸುಪಾಸು ಸಾಕು. ಆ ಜಾರುವಿಕೆಗೆ ಸ್ವಲ್ಪ ಮುಂಚೆ ಬಾಸ್ ವಾದ್ಯದವನು ಏನು ಮಾಡುತ್ತಾನೆ ಅನ್ನೋದನ್ನು ಮಾತ್ರ ಹೇಳಲ್ಲ, ಅದು ನಮ್ಮದು.

ಮಧ್ಯದಲ್ಲಿ ಮೋರ್ಸಿಂಗ್ ಕೂಡ ತಂದಿದ್ದೆ, ನಿಂತ ಕಾರಿನ ಗುರುಗುರು ಸದ್ದಿಗೆ. ಮನೆಯೊಳಗೆ ಅದ್ಭುತ. ಬಯಲಿನಲ್ಲಿ ಗಾಳಿಗೆ ಏನೂ ಕೇಳಿಸಲಿಲ್ಲ.

ಮಾತಿನ ವಿಷಯ ಬೇರೆ ಕಥೆ. ಈಗ ಓಡಿಸುತ್ತಿರುವ ಡ್ರೈವರ್ ಹೆಸರು ಹಾಕಿದರೆ ಅರ್ಧ ಜನ ಕುಣಿಯುತ್ತಾರೆ, ಇನ್ನರ್ಧ ಜನ ಬೂ ಅನ್ನುತ್ತಾರೆ. ಅದಕ್ಕೇ ಇದೇ ರಾಜ್ಯದ ವಿಲ್ಕ್ಸ್ ಕೌಂಟಿಯ ಹಳೆಯ ಕಾಲದ ರೇಸ್ ಡ್ರೈವರ್ ಜೂನಿಯರ್ ಜಾನ್ಸನ್‌ನನ್ನು ಹಿಡಿದೆ. ಕಳ್ಳಸಾರಾಯಿ ಸಾಗಿಸುತ್ತಾ ಓಡಿಸೋದು ಕಲಿತವನು, ರಸ್ತೆಯಲ್ಲಿ ಒಮ್ಮೆಯೂ ಕಾನೂನಿನ ಕೈಗೆ ಸಿಗದೆ 1956ರಲ್ಲಿ ಅಪ್ಪನ ಭಟ್ಟಿ ಹತ್ತಿರ ಸಿಕ್ಕಿಬಿದ್ದವನು, 50 ರೇಸ್ ಗೆದ್ದವನು. ಪಲ್ಲವಿ ತಾನಾಗೇ ಬಂತು.

ಮೇ ತಿಂಗಳ 600 ಮೈಲಿ ರೇಸಿನ ವಾರ ಕ್ಯಾಂಪ್‌ಗ್ರೌಂಡಿನಲ್ಲಿ ನುಡಿಸಿದೆವು. ಫಿಡಲ್ ಹಾದುಹೋದಾಗ ಜನ ತಲೆ ತಿರುಗಿಸಿ ನೋಡಿದರು, ನಿಜವಾಗಿ ಕಾರು ಹೋದ ಹಾಗೆ! "ಪಿಟೀಲಲ್ಲಿ ಕಾರಾ" ಅಂತ ನಕ್ಕಿದ್ದ ಬ್ಯಾಂಜೋದವನೇ ಈಗ ಅದನ್ನು ಮೊದಲು ನುಡಿಸೋಣ ಅನ್ನುತ್ತಾನೆ. ಸಿಡಿ 10 ಡಾಲರ್‌ಗೆ ಮಾರುತ್ತಿದ್ದೇವೆ, ಖರ್ಚಿನಲ್ಲಿ ಅರ್ಧದಷ್ಟು ವಾಪಸ್ ಬಂದಿದೆ. ಧೈವತದ್ದನ್ನು ಈಗ ಡೋಬ್ರೋದಲ್ಲಿ (ಲೋಹದ ಬಾರ್ ಜಾರಿಸಿ ನುಡಿಸುವ ಗಿಟಾರ್) ನೋಡುತ್ತಿದ್ದೇನೆ, ಸ್ಲೈಡ್ ಬಾರ್‌ನಲ್ಲಿ ಸುಲಭ, ಆದರೆ ನುಡಿಸುತ್ತಾ ಓಡೋದು ಕಷ್ಟ.