ಹಿತ್ತಲು ನಮ್ಮದು, ಹುಳವೂ ನಮ್ಮದೇ

ಜೂನ್ ತಿಂಗಳ ಒಂದು ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಸದ್ದಾಯಿತು. ಹೋಗಿ ನೋಡಿದರೆ ಪಕ್ಕದ ಮನೆ ಯಜಮಾನರು. ಅವರ ಹಿಂದೆ ಮಚ್ಚು, ಹಗ್ಗ ಹಿಡಿದುಕೊಂಡ ಒಬ್ಬ ಆಳು.

"ನುಗ್ಗೆ ಮರ ಕಡಿಸೋಕೆ ಕರ್ಕೊಂಡು ಬಂದೀನಮ್ಮ. ಕೂಲಿ ನಾನೇ ಕೊಡ್ತೀನಿ, ನೀವೇನೂ ತಲೆ ಕೆಡಿಸ್ಕೋಬೇಡಿ" ಅಂದರು.

ನನಗೆ ಎದೆ ಧಸಕ್ ಎಂದಿತು. ಆದರೆ ತಪ್ಪು ಅವರೊಬ್ಬರದೇ ಅಲ್ಲ. ಹದಿನೈದು ದಿನದ ಹಿಂದೆ ಅವರು ಮರ ತೆಗೆಸಿ ಎಂದು ಕೇಳಿದ್ದರು. ನಾನು ಮುಖಕ್ಕೆ ಹೊಡೆದ ಹಾಗೆ ಹೇಳೋದು ಬೇಡ ಎಂದು "ನೋಡೋಣ ಅಂಕಲ್, ಈಗ ಆಳು ಸಿಗೋದೇ ಕಷ್ಟ" ಎಂದಿದ್ದೆ. ಅವರು ಆಳು ಹುಡುಕಿಕೊಂಡು ಬಂದಿದ್ದರು, ಅಷ್ಟೆ.

ದಾವಣಗೆರೆ ಜಿಲ್ಲೆಯಾದ ಮರುವರ್ಷ, ಅಂದರೆ 1998ರಲ್ಲಿ, ನಮ್ಮ ಮಾವ ನಿಟ್ಟುವಳ್ಳಿ ಕಡೆ ಈ ಮನೆ ಕಟ್ಟಿಸಿದರು. ನಲವತ್ತು ಅರವತ್ತರ ಕಾರ್ನರ್ ಸೈಟು. ಮನೆ ಮುಂದಕ್ಕೆ ಕಟ್ಟಿಸಿ, ಹಿಂದೆ ಇಪ್ಪತ್ತು ಅಡಿ ಮಣ್ಣು ಹಾಗೇ ಬಿಟ್ಟರು. ನುಗ್ಗೆ, ಕರಿಬೇವು, ನಿಂಬೆ, ಎರಡು ದಾಸವಾಳ, ಗೋಡೆ ಪಕ್ಕ ಪಾರಿಜಾತ, ಮುಂದುಗಡೆ ಒಂದು ಹೊಂಗೆ. ಸುತ್ತಮುತ್ತ ಎಲ್ಲರೂ ಕಾಂಪೌಂಡಿನಿಂದ ಕಾಂಪೌಂಡಿಗೆ ಮನೆ ಎಬ್ಬಿಸಿದ್ದಾರೆ. ಹಾಗಾಗಿ ನಮ್ಮ ಓಣಿಯಲ್ಲಿ ಖಾಲಿ ಜಾಗ ಅಂದರೆ ನಮ್ಮ ಹಿತ್ತಲೊಂದೇ. ಎಲ್ಲರ ಕಣ್ಣೂ ಅದರ ಮೇಲೆ. ನಾನು ಮನೆಯಲ್ಲೇ ಟೈಲರಿಂಗ್ ಮಾಡುವವಳು, ಇಡೀ ದಿನ ಬಾಗಿಲು ತೆರೆದೇ ಇರುತ್ತದೆ. ಕೇಳುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಪಕ್ಕದವರು ಬಂದು ಆರು ವರ್ಷವಾಯಿತು. ಮೊದಲು ಕೇಳಿದ್ದು ಪೂಜೆಗೆ ನಾಲ್ಕು ಹೂವು. ಆಮೇಲೆ ಕೇಳುವುದು ನಿಂತು, ಐದು ಗಂಟೆಗೆ ಗೇಟು ತೆಗೆದು ಕಿತ್ತುಕೊಳ್ಳುವುದು ಶುರುವಾಯಿತು. ಒಂದು ದಿನ ನಮ್ಮ ಪೂಜೆಗೇ ಹೂವು ಇರಲಿಲ್ಲ. ಆಮೇಲೆ ಬೈಕು ನಿಲ್ಲಿಸೋಕೆ ಜಾಗ. ಆಮೇಲೆ ವಾಷಿಂಗ್ ಮಷೀನ್ ನೀರಿನ ಪೈಪು ನಮ್ಮ ಕಡೆ ತಿರುಗಿಸಲಾ ಎಂದು. ಕೆಟ್ಟವರಲ್ಲ ಅವರು. ಅತ್ತೆಗೆ ರಾತ್ರಿ ಹನ್ನೊಂದಕ್ಕೆ ಉಸಿರು ಕಟ್ಟಿದಾಗ ಆಸ್ಪತ್ರೆಗೆ ಕಾರು ಓಡಿಸಿಕೊಂಡು ಹೋದವರು ಅವರೇ. ಅದಕ್ಕೇ ಬೇಡ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಇಂಥ ಋಣ ಇದ್ದಾಗಲೇ ಕಷ್ಟ, ಅಲ್ವಾ? ಜಗಳಗಂಟರಾದರೆ ಗೇಟು ಹಾಕಿಕೊಂಡರೆ ಮುಗಿಯಿತು.

ಆ ದಿನ ಆಳನ್ನು ಟೀ ಕೊಟ್ಟು ವಾಪಸ್ ಕಳಿಸಿದೆ. ಅಡ್ಡ ನಿಂತು "ಮರ ಕಡಿಯೋದು ಬೇಡ" ಎಂದದ್ದು ಅದೇ ಮೊದಲು. ಪಕ್ಕದ ಮನೆ ಯಜಮಾನರ ಮುಖ ಸಣ್ಣದಾಯಿತು. ಒಳಗೆ ಬಂದರೆ ಅತ್ತೆ ಹಾಸಿಗೆಯಿಂದಲೇ ಅಂದರು: "ಮುಲಾಜಿಗೆ ಬಸುರಾದ್ರೆ ಹಡಿಯೋಕೆ ಜಾಗ ಇರಲ್ಲ. ಮೊದ್ಲೇ ಹೇಳ್ಬೇಕಿತ್ತು ನೀನು."

ಅವತ್ತು ಮಷೀನ್ ಮುಂದೆ ಕೂತರೂ ಕೆಲಸ ಸಾಗಲಿಲ್ಲ. ಇಷ್ಟು ವರ್ಷ ನಾನು ಏನೇನು ಉತ್ತರ ಕೊಟ್ಟಿದ್ದೆ ಎಂದು ಒಂದೊಂದೇ ನೆನಪು ಮಾಡಿಕೊಂಡೆ. ಬೈಕಿಗೆ, "ಗೇಟಿನ ಬೀಗ ಸರಿ ಇಲ್ಲ" ಎಂದಿದ್ದೆ. ಅವರು ಹೊಸ ಬೀಗ ತಂದುಕೊಟ್ಟಿದ್ದರು. ಮುಂದಿನ ಹೊಂಗೆ ಮರದ ಎಲೆ ಅವರ ಕಾರಿನ ಮೇಲೆ ಬೀಳುತ್ತದೆ, ಕಡಿಸಿ ಎಂದಾಗ, "ಊರೊಳಗೆ ಸುಮ್ನೆ ಮರ ಕಡಿಯೋ ಹಾಗಿಲ್ಲ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು" ಎಂದಿದ್ದೆ. ಕಾಯ್ದೆ ಇರುವುದು ನಿಜ. ತೆಂಗಿನಂಥ ಕೆಲವು ಮರಕ್ಕೆ ವಿನಾಯಿತಿ ಇರುವುದೂ ನಿಜ. ಆದರೆ ನಾನು ಅದನ್ನು ಹೇಳಿದ್ದು ಕಾಯ್ದೆಯ ಮೇಲಿನ ಗೌರವಕ್ಕಲ್ಲ, ಅದರ ಹಿಂದೆ ಅಡಗಿಕೊಳ್ಳಲು. ಅವರು "ಅರ್ಜಿ ನಾನೇ ಹಾಕ್ತೀನಿ, ನೀವು ಸೈನ್ ಮಾಡಿ ಸಾಕು" ಎಂದರು. ಆಮೇಲೆ ಎರಡು ವಾರ ನಾನು ಅವರ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ.

ನೆಪ ಹೇಳಿದರೆ ಎದುರಿಗಿರುವವರು ಆ ನೆಪಕ್ಕೆ ಪರಿಹಾರ ಹುಡುಕುತ್ತಾರೆ. ನಿಜವಾಗಿ ಸಹಾಯ ಮಾಡುತ್ತಿದ್ದೇನೆ ಎಂದೇ ಅವರು ತಿಳಿದಿರುತ್ತಾರೆ. ಪರಿಹಾರ ತಂದ ಮೇಲೂ ನಾವು ಬೇಡ ಎಂದರೆ, ಆಗ ಸುಳ್ಳು ಹೇಳಿದವರು ನಾವಾಗುತ್ತೇವೆ. ಇದು ನನಗೆ ಹೊಳೆಯಲು ಮಚ್ಚು ಗೇಟಿನವರೆಗೆ ಬರಬೇಕಾಯಿತು.

ಹಾಗಂತ ಬರೀ ಬೇಡ ಎಂದು ಕೂತರೂ ಆಗುವುದಿಲ್ಲ. ಅವರು ನುಗ್ಗೆ ಕಡಿಸಿ ಎಂದದ್ದು ಯಾಕೆ? ಕಂಬಳಿ ಹುಳ. ಮಳೆ ಹಿಡಿದ ಮೇಲೆ ನುಗ್ಗೆಗೆ ಈ ಹುಳ ಬೀಳುವುದು ಎಲ್ಲರಿಗೂ ಗೊತ್ತು. ಎಲೆ ತಿಂದು ಬೋಳು ಮಾಡುತ್ತದೆ, ಗೋಡೆ ಹತ್ತಿ ಪಕ್ಕದವರ ಬಟ್ಟೆ ತಂತಿಗೂ ಹೋಗುತ್ತದೆ. ಹಿಂದಿನ ವರ್ಷ ಅವರ ಮೊಮ್ಮಗಳ ಕತ್ತು, ಕೈಯೆಲ್ಲ ದದ್ದು ಎದ್ದಿತ್ತು. ಆ ಮಗು ಕೆರೆದುಕೊಂಡು ಅತ್ತದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಮರ ಕಡಿಸಿ ಎನ್ನುವುದು ಅವರ ಬೇಡಿಕೆ. ಮಗುವಿಗೆ ತುರಿಕೆ ಎನ್ನುವುದು ಅವರ ತೊಂದರೆ. ಬೇಡಿಕೆ ನಾನು ಒಪ್ಪಬೇಕಿಲ್ಲ. ಆದರೆ ತೊಂದರೆ ನಮ್ಮ ಹಿತ್ತಲಿಂದ ಹೋಗುತ್ತಿದೆ ಅಂದಮೇಲೆ ಅದನ್ನು ನಾನೇ ನಿಲ್ಲಿಸಬೇಕು.

ಸಂಜೆ ಅವರ ಮನೆಗೆ ಹೋದೆ. "ಮರ ಇರುತ್ತೆ ಅಂಕಲ್, ಅದು ನನ್ನ ತೀರ್ಮಾನ. ಆದ್ರೆ ಹುಳ ನಿಮ್ಮ ಗೋಡೆ ದಾಟದ ಹಾಗೆ ನಾನು ನೋಡ್ಕೋತೀನಿ. ದಾಟಿದ್ರೆ ಫೋನ್ ಮಾಡಿ, ಎಷ್ಟೊತ್ತಾದ್ರೂ ಬರ್ತೀನಿ" ಎಂದೆ. ಅವರು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ.

ಮಾತು ಕೊಟ್ಟ ಮೇಲೆ ಕೆಲಸ ಮಾಡಬೇಕಲ್ಲ. ಈ ಹುಳದ ಒಂದು ಗುಣ ಗಮನಿಸಿದ್ದೆ. ಹಗಲು ಹೊತ್ತು ಎಲ್ಲವೂ ಕಾಂಡದ ಮೇಲೆ ಒಂದೇ ಕಡೆ ಗುಂಪಾಗಿ ಅಂಟಿಕೊಂಡಿರುತ್ತವೆ. ದೂರದಿಂದ ನೋಡಿದರೆ ತೊಗಟೆಯ ಮೇಲೆ ಹಳೆ ಕಂಬಳಿ ತುಂಡು ಸುತ್ತಿದ ಹಾಗೆ. ಹತ್ತಿರ ಹೋದರೆ ಆ ಕಂಬಳಿ ಮೆಲ್ಲಗೆ ಮಿಸುಕುತ್ತದೆ. ಹಾಗೆ ಗುಂಪಾಗಿರುವಾಗಲೇ ಹಿಡಿಯಬೇಕು. ತುಂಬು ತೋಳಿನ ಅಂಗಿ ಹಾಕಿ, ತಲೆ ಮುಖಕ್ಕೆ ಬಟ್ಟೆ ಕಟ್ಟಿ, ಗಾಳಿ ನನ್ನ ಬೆನ್ನಿಗೆ ಬರುವ ಹಾಗೆ ನಿಲ್ಲುತ್ತಿದ್ದೆ. ಕೆಳಗೆ ಅಗಲ ಟಬ್ಬಿನಲ್ಲಿ ಬಟ್ಟೆ ಸೋಪಿನ ಗಟ್ಟಿ ನೀರು. ಹಳೇ ಕಡ್ಡಿ ಪೊರಕೆಯಿಂದ ಮೇಲಿಂದ ಕೆಳಕ್ಕೆ ಒಂದೇ ಸಲ ಎಳೆದರೆ ಅರ್ಧಕ್ಕರ್ಧ ನೀರಿಗೆ ಬೀಳುತ್ತಿದ್ದವು. ಕೆಲವರು ಪಂಜು ಹಿಡಿದು ಸುಡುತ್ತಾರೆ. ನಾನು ಮಾಡಲ್ಲ, ತೊಗಟೆ ಸುಟ್ಟರೆ ಮರಕ್ಕೇ ಪೆಟ್ಟು. ಚಿಗುರಿನಲ್ಲಿ ಉಳಿದ ಚಿಕ್ಕ ಮರಿಗಳಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿದೆ. ದೊಡ್ಡ ಹುಳಕ್ಕೆ ಅದು ಅಷ್ಟಾಗಿ ನಾಟಲ್ಲ, ಅದಕ್ಕೆ ಪೊರಕೆಯೇ ಸರಿ. ಎರಡು ತಿಂಗಳು ದಿನಾ ಬೆಳಿಗ್ಗೆ ಮರದ ಸುತ್ತ ಒಂದು ಸುತ್ತು ಹಾಕಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ.

ಇನ್ನೊಂದು, ನುಗ್ಗೆ ಕೊಂಬೆ ಬಲು ಪೊಳ್ಳು. ಗಾಳಿ ಬಂದರೆ ಲಟಕ್ಕನೆ ಮುರಿಯುತ್ತದೆ. ಒಂದು ಕೊಂಬೆ ಅವರ ಮಹಡಿಯ ಸಿಂಟೆಕ್ಸ್ ಮೇಲೆ ಚಾಚಿತ್ತು. ಪರಿಚಯದ ವಕೀಲರನ್ನು ಕೇಳಿದೆ. ಅವರ ಜಾಗಕ್ಕೆ ಚಾಚಿದಷ್ಟು ಕೊಂಬೆಯನ್ನು ಅವರು ಅವರ ಕಡೆಯಿಂದ ಕತ್ತರಿಸಿಕೊಳ್ಳಬಹುದು, ನಮ್ಮ ಕಾಂಪೌಂಡಿನೊಳಗೆ ಬಂದು ಕತ್ತರಿಸುವ ಹಾಗಿಲ್ಲ ಎಂದರು. ಅಷ್ಟರವರೆಗೆ ಯಾಕೆ ಬಿಡಬೇಕು? ಈಗ ಪ್ರತಿ ವರ್ಷ ಕಾಯಿ ಮುಗಿದ ಮೇಲೆ ಮರವನ್ನು ತಲೆ ಎತ್ತರಕ್ಕೆ ಸವರಿಸುತ್ತೇನೆ. ನುಗ್ಗೆ ಕಡಿದಷ್ಟೂ ಚಿಗುರುವ ಮರ. ಕಾಯಿ ಕೈಗೆ ಸಿಗುತ್ತದೆ, ಹುಳ ಕಣ್ಣಿಗೆ ಸಿಗುತ್ತದೆ.

ಅದಾದ ಮೇಲೆ ಸಿಮೆಂಟಿನ ವಿಷಯ ಬಂತು. ಇಡೀ ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿ, ಮಣ್ಣಿಂದ ಸೊಳ್ಳೆ, ಓಣಿಯಲ್ಲಿ ಡೆಂಗ್ಯೂ ಬಂದಿದೆ ಎಂದು. ಡೆಂಗ್ಯೂ ಅಂದರೆ ಯಾರಿಗೆ ಭಯ ಇಲ್ಲ? ನಾನು ಬೇಡ ಎನ್ನುವ ಮೊದಲು ಟಾರ್ಚ್ ಹಿಡಿದು ಹಿತ್ತಲು ಪೂರ್ತಿ ಹುಡುಕಿದೆ. ಆ ಸೊಳ್ಳೆ ಮೊಟ್ಟೆ ಇಡುವುದು ನಿಂತ ತಿಳಿ ನೀರಿನಲ್ಲಿ, ಒಣ ಮಣ್ಣಿನಲ್ಲಲ್ಲ. ಸಿಕ್ಕಿದವು. ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ, ಮುಚ್ಚಳ ಒಡೆದ ಡ್ರಮ್ಮಿನಲ್ಲಿ, ಸಣ್ಣ ಸಣ್ಣ ಮರಿ ತಲೆಕೆಳಗಾಗಿ ನೇತಾಡುತ್ತಿದ್ದವು. ಇಲ್ಲಿ ನಲ್ಲಿ ನೀರು ದಿನಾ ಬರಲ್ಲ, ಎಲ್ಲರ ಮನೆಯಲ್ಲೂ ಡ್ರಮ್ಮು ಇದ್ದೇ ಇರುತ್ತದೆ. ಅವರನ್ನು ಕರೆದು ತೋರಿಸಿದೆ. "ತಪ್ಪು ನಮ್ದೇ ಅಂಕಲ್, ಆದ್ರೆ ಮಣ್ಣಿನದ್ದಲ್ಲ, ಈ ತಟ್ಟೇದು" ಎಂದೆ. ತಟ್ಟೆಗಳನ್ನು ತೆಗೆದೇಬಿಟ್ಟೆ. ಡ್ರಮ್ಮಿಗೆ ಹಳೇ ವಾಯಿಲ್ ಸೀರೆ ಬಿಗಿದು ಕಟ್ಟುತ್ತೇನೆ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುತ್ತೇನೆ. ಅವರು ಮನೆಗೆ ಹೋಗಿ ತಮ್ಮ ಡ್ರಮ್ಮುಗಳನ್ನೂ ನೋಡಿದರು.

ಸಿಮೆಂಟಿಗೆ ಉತ್ತರ ಬೇರೆ ಕೊಟ್ಟೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. ನಮ್ಮ ಹಿತ್ತಲು ಸುಮಾರು 74 ಚದರ ಮೀಟರ್. ಒಂದು ಒಳ್ಳೆ ಮಳೆ, 20 ಮಿಲಿಮೀಟರ್ ಬಂತು ಅಂದರೆ ಹತ್ತಿರ ಹತ್ತಿರ 1,500 ಲೀಟರ್. ಈಗ ಅದು ಮಣ್ಣು ಕುಡಿಯುತ್ತದೆ, ಬೋರಿಗೂ ಆಗುತ್ತದೆ. ಸಿಮೆಂಟ್ ಹಾಕಿದರೆ ಇಳಿಜಾರು ಇರುವ ಕಡೆ ಹರಿಯುತ್ತದೆ. ಇಳಿಜಾರು ಇರುವುದು ಅವರ ಮನೆ ಕಡೆ. ಅದನ್ನು ಕೇಳಿದ ಮೇಲೆ ಅವರು ಸಿಮೆಂಟಿನ ಮಾತು ಮತ್ತೆ ಎತ್ತಲಿಲ್ಲ.

ಎಲ್ಲದಕ್ಕೂ ಬೇಡ ಎಂದಿದ್ದೇನೆ ಎಂದುಕೊಳ್ಳಬೇಡಿ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆಗ ಊರ ತುಂಬ ನೆಂಟರು. ಅವರ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಿತ್ತಲಲ್ಲಿ ಶಾಮಿಯಾನ ಹಾಕಿಕೊಳ್ಳಲು ಎರಡು ದಿನ ಖುಷಿಯಿಂದ ಕೊಟ್ಟೆ. ಎರಡನೇ ದಿನ ಸಂಜೆ ಬಿಚ್ಚಬೇಕು ಎಂದು ಮೊದಲೇ ಹೇಳಿದ್ದೆ, ಬಿಚ್ಚಿದರು. ಹೂವಿಗೂ ಒಂದು ದಾರಿ ಆಯಿತು. ಅವರಿಗೆ ಬೇಕಾದಷ್ಟನ್ನು ನಾನೇ ಕಿತ್ತು ಬಾಳೆ ಎಲೆಯಲ್ಲಿ ಸುತ್ತಿ ಗೋಡೆ ಮೇಲೆ ಇಡುತ್ತೇನೆ. ಗೇಟಿಗೆ ಒಳಗಿನಿಂದ ಚಿಲಕ.

ದೊಡ್ಡದು ಅಂದರೆ ದಾರಿಯ ವಿಷಯ. ನಮ್ಮದು ಕಾರ್ನರ್ ಸೈಟು, ಹಿತ್ತಲಿಂದ ಪಕ್ಕದ ರಸ್ತೆಗೆ ಇಳಿಯಬಹುದು. ಅವರ ಮನೆಗೆ ಹಿಂದೆ ದಾರಿ ಇಲ್ಲ. ಮುಂದಿನ ರಸ್ತೆಯನ್ನು ಪೈಪಿಗೆ ಅಗೆದಿದ್ದಾಗ, ಅವರ ವಯಸ್ಸಾದ ತಾಯಿಯನ್ನು ಕರೆದುಕೊಂಡು ಹೋಗಲು ಗೋಡೆ ಒಡೆದು ಸಣ್ಣ ಗೇಟು ಇಟ್ಟುಕೊಳ್ಳಲಾ ಎಂದು ಕೇಳಿದರು. ಆ ಅಜ್ಜಿಯನ್ನು ನೋಡಿ ಯಾರು ಇಲ್ಲ ಎನ್ನುತ್ತಾರೆ? ಆದರೆ ಗಾರೆ ಗೋಡೆ ಒಡೆದು ಗೇಟು ಕೂಡಿಸಿದರೆ ಅದು ಮತ್ತೆ ಮುಚ್ಚಲ್ಲ. ವಕೀಲರು ತಿಳಿಸಿ ಹೇಳಿದರು: 1882ರ ಈಸ್‌ಮೆಂಟ್ಸ್ ಕಾಯ್ದೆ ಪ್ರಕಾರ, ಯಾರಾದರೂ ಇನ್ನೊಬ್ಬರ ಜಾಗದಲ್ಲಿ ಹಕ್ಕಿನಂತೆ, ತಡೆಯಿಲ್ಲದೆ 20 ವರ್ಷ ಓಡಾಡಿದರೆ ಅದು ದಾರಿಯ ಹಕ್ಕಾಗಿ ಕೂರಬಹುದು. ಅನುಮತಿ ಪಡೆದು ಓಡಾಡಿದರೆ ಹಾಗಾಗಲ್ಲ. ಸುಮ್ಮನಿದ್ದು ಬಿಡುವುದಕ್ಕೂ, ಬಾಯಿಬಿಟ್ಟು ಒಪ್ಪಿ ಕೊಡುವುದಕ್ಕೂ ಇರುವ ವ್ಯತ್ಯಾಸ ಅದು.

ನಾನು ಗೋಡೆ ಒಡೆಯುವುದು ಬೇಡ ಎಂದೆ. ಅದರ ಬದಲು ನಮ್ಮ ಮುಂದಿನ ಗೇಟಿನಿಂದ ಬಂದು ಹಿತ್ತಲಿನ ಗೇಟಿನಿಂದ ಇಳಿಯಲಿ, ರಸ್ತೆ ಮುಚ್ಚುವವರೆಗೆ ಎಂದೆ. ಅದನ್ನೇ ವಾಟ್ಸಾಪಿನಲ್ಲೂ ಬರೆದು ಕಳಿಸಿದೆ: "ಅಂಕಲ್, ರಸ್ತೆ ಕೆಲಸ ಮುಗಿಯೋ ತನಕ ಅಜ್ಜಿ ನಮ್ಮ ಹಿತ್ತಲಿಂದ ಓಡಾಡಲಿ. ಮುಗಿದ ಮೇಲೆ ನಿಲ್ಲಿಸೋಣ." ಅವರು ಕೈಮುಗಿದ ಚಿತ್ರ ಕಳಿಸಿದರು. ಐದು ವಾರ ಅಜ್ಜಿ ದಿನಾ ಸಂಜೆ ಕರಿಬೇವಿನ ಗಿಡದ ಹತ್ತಿರ ನಿಂತು, ಒಂದು ಎಸಳು ಮುರಿದು ಮೂಸಿಕೊಂಡು ಹೋಗುತ್ತಿದ್ದರು. ರಸ್ತೆ ಮುಚ್ಚಿದ ದಿನ ನಾನೇ ಅಜ್ಜಿಗೆ ಹೇಳಿದೆ. "ಆತು ತಾಯಿ, ಬಾಳ ಉಪ್ಕಾರ ಆತು" ಎಂದರು.

ಬೇಡ ಎಂದ ಮೇಲೆ ಮೊದಮೊದಲು ಕೇಳುವುದು ಇನ್ನೂ ಜಾಸ್ತಿಯಾಯಿತು. ಒಂದೇ ವಿಷಯ ಅವರು ಕೇಳುತ್ತಾರೆ, ಮಗ ಕೇಳುತ್ತಾನೆ, ಆಮೇಲೆ ನನ್ನ ಯಜಮಾನರಿಗೆ ಫೋನ್. ನಮ್ಮವರು ಹರಿಹರದಲ್ಲಿ ಕೆಲಸಕ್ಕಿದ್ದಾರೆ. ಅವರಿಗೆ ಒಂದೇ ಮಾತು ಹೇಳಿಟ್ಟೆ: ಮನೇಲಿ ಕೇಳಿ ಎನ್ನಬೇಡಿ, ಬೇಡ ಎಂದೇ ಹೇಳಿ. ಮೂರೂ ಕಡೆಯಿಂದ ಒಂದೇ ಉತ್ತರ, ಒಂದೇ ಪದ ಬರತೊಡಗಿದಾಗ ಸುಮಾರು ಮೂರು ತಿಂಗಳಲ್ಲಿ ತಣ್ಣಗಾಯಿತು. ನಡುವೆ ಒಂದು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ನನಗೆ ತುಂಬ ನೋವಾಯಿತು. ಆದರೂ ಗೋಡೆ ಮೇಲೆ ಹೂವು ಇಡುವುದು ನಿಲ್ಲಿಸಲಿಲ್ಲ. ಅವರೂ ತೆಗೆದುಕೊಳ್ಳುವುದು ನಿಲ್ಲಿಸಲಿಲ್ಲ.

ಮೊನ್ನೆ ಮಹಡಿ ಕಟ್ಟಿಸಲು ಜಲ್ಲಿ, ಎಂ ಸ್ಯಾಂಡ್ ಹಾಕಿಕೊಳ್ಳಲಾ ಎಂದು ಕೇಳಿದರು. "ಹಿತ್ತಲಲ್ಲಿ ಬೇಡ ಅಂಕಲ್" ಎಂದೆ. "ಸರಿ ಬಿಡಮ್ಮ, ಎದುರಿನ ಸೈಟಿನವರನ್ನ ಕೇಳ್ತೀನಿ" ಎಂದು, ಕೈಯಲ್ಲಿದ್ದ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಅತ್ತೆಗೆ ಕೊಟ್ಟು ಹೋದರು. ಬುಧವಾರ ನುಗ್ಗೆ ಸವರಲು ಆಳು ಬರುತ್ತಾನೆ. ಇವತ್ತೇ ಅವರಿಗೆ ಹೇಳಬೇಕು, ಸಿಂಟೆಕ್ಸ್ ಮುಚ್ಚಳ ಬಿಗಿ ಮಾಡಿಕೊಳ್ಳಲಿ, ಬಟ್ಟೆ ಆ ದಿನ ಒಳಗೆ ಹಾಕಲಿ.