ಜೇಡದ ವಿಷದ ಎಂಜೈಮ್, ಮೆಗ್ನೀಸಿಯಂ ಮತ್ತು ನಾನು

ಲಾಕ್ಸೋಸೆಲೆಸ್ ಜಾತಿಯ ಕಂದು ಜೇಡ ಕಚ್ಚಿದ ಜಾಗದಲ್ಲಿ ಚರ್ಮ ಕಪ್ಪಾಗಿ ಸತ್ತು ಹುಣ್ಣಾಗತ್ತಲ್ಲ, ಅದಕ್ಕೆ ಮುಖ್ಯ ಕಾರಣ, ಜೀವಕೋಶದ ಪೊರೆಯಲ್ಲಿರೋ ಸ್ಫಿಂಗೋಮೈಲಿನ್ ಅನ್ನೋ ಕೊಬ್ಬನ್ನ ಮುರಿಯೋ ಸ್ಫಿಂಗೋಮೈಲಿನೇಸ್ ಡಿ ಅನ್ನೋ ಎಂಜೈಮ್. ಇಷ್ಟು ಚಿಕ್ಕ ಪ್ರೋಟೀನ್ ಇಷ್ಟೆಲ್ಲಾ ಹಾನಿ ಹೆಂಗೆ ಮಾಡತ್ತೆ ಅಂತ ನೋಡೋಕೆ ಅದೇ ಗುಂಪಿನ ಲಾಕ್ಸೋಸೆಲೆಸ್ ಲೀಟಾ ಜೇಡದ ಎಂಜೈಮಿನ ಸ್ಟ್ರಕ್ಚರ್ (ಹರಳಿಗೆ ಎಕ್ಸ್-ರೇ ಹಾಯಿಸಿ ಕಂಡುಕೊಂಡ ಪರಮಾಣುಗಳ ಜೋಡಣೆ) ಇಳಿಸ್ಕೊಂಡೆ. ಇಂಥವನ್ನೆಲ್ಲ ಸೇರಿಸಿಟ್ಟಿರೋ ಪ್ರೋಟೀನ್ ಡೇಟಾ ಬ್ಯಾಂಕಲ್ಲಿ ಅದರ ನಂಬರ್ 1ಎಕ್ಸ್‌ಎಕ್ಸ್1, 2005ರದ್ದು, ರೆಸಲ್ಯೂಶನ್ (ಎಷ್ಟು ಸೂಕ್ಷ್ಮವಾಗಿ ಕಾಣತ್ತೆ ಅನ್ನೋ ಅಳತೆ, ಕಮ್ಮಿ ಇದ್ದಷ್ಟೂ ಒಳ್ಳೇದು) 1.75 ಆಂಗ್‌ಸ್ಟ್ರಾಮ್, ಅಂದ್ರೆ ಚೆನ್ನಾಗೇ ಇದೆ.

ಅಣುಗಳನ್ನ ತೋರಿಸೋ ಪೈಮಾಲ್ ಸಾಫ್ಟ್‌ವೇರಲ್ಲಿ ತೆಗೆದ ತಕ್ಷಣ ಟಿಮ್ ಬ್ಯಾರೆಲ್ ಅನ್ನೋ ಆಕಾರ ಗೊತ್ತಾಯ್ತು, ನಡುವೆ ಬೀಟಾ ಸ್ಟ್ರ್ಯಾಂಡ್ ಅನ್ನೋ ಚಾಚಿದ ಎಳೆಗಳ ಪೀಪಾಯಿ, ಸುತ್ತ ಹೆಲಿಕ್ಸ್ ಅನ್ನೋ ಸುರುಳಿಗಳು. ಪೀಪಾಯಿಯ ಒಂದು ಬಾಯಲ್ಲಿ ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲ ಎರಡು ಕಡೆ, 12 ಮತ್ತು 47 (ಸಂಖ್ಯೆ ಅಂದ್ರೆ ಪ್ರೋಟೀನ್ ಸರಪಳಿಯಲ್ಲಿ ಅದರ ಸ್ಥಾನ), ಪಕ್ಕದಲ್ಲೇ ಮೆಗ್ನೀಸಿಯಂ. ಚಿತ್ರ ಎಷ್ಟು ಚೆನ್ನಾಗಿತ್ತು ಅಂದ್ರೆ ಎರಡು ದಿನ ಅದನ್ನೇ ತಿರುಗಿಸ್ತಾ ಕೂತಿದ್ದೆ, ಡೆನ್ಸಿಟಿ ಮ್ಯಾಪ್ (ಎಲೆಕ್ಟ್ರಾನ್‌ಗಳು ಎಲ್ಲಿ ದಟ್ಟವಾಗಿವೆ ಅಂತ ಎಕ್ಸ್-ರೇಯಿಂದ ಸಿಕ್ಕ ನಕ್ಷೆ) ತೆಗೆದೇ ನೋಡ್ಲಿಲ್ಲ, ಅದು ತಪ್ಪು.

ಯಾಕಂದ್ರೆ ಮೆಗ್ನೀಸಿಯಂ ಅಯಾನ್‌ಗೂ 10 ಎಲೆಕ್ಟ್ರಾನ್, ನೀರಿನ ಅಣುಗೂ 10. ಎಕ್ಸ್-ರೇ ನೋಡೋದು ಎಲೆಕ್ಟ್ರಾನ್‌ಗಳನ್ನ, ಹಾಗಾಗಿ ಮ್ಯಾಪಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಗುಂಡಗೆ ಕಾಣ್ತವೆ. ಇಲ್ಲಿರೋದು ಮೆಗ್ನೀಸಿಯಮ್ಮೇ ಅಂತ ಹೆಂಗೆ ಹೇಳೋದು? ಕೂಟ್ ಅನ್ನೋ ಸಾಫ್ಟ್‌ವೇರಲ್ಲಿ ಮ್ಯಾಪ್ ಹಾಕಿ ದೂರ ಅಳೀಬೇಕು. ಅಕ್ಕಪಕ್ಕದ ಆಕ್ಸಿಜನ್‌ಗಳು ಸುಮಾರು 2.1 ಆಂಗ್‌ಸ್ಟ್ರಾಮಲ್ಲಿ, ಆರು ದಿಕ್ಕಿಂದ ಹಿಡ್ಕೊಂಡಿದ್ರೆ ಮೆಗ್ನೀಸಿಯಂ, 2.8ರ ಹತ್ತಿರ ಇದ್ರೆ ಬಹುತೇಕ ನೀರು. ಇಲ್ಲಿ ಬೇರೆ ಮೂರು ಅಮೈನೋ ಆಮ್ಲಗಳು, ಗ್ಲುಟಮೇಟ್ 32, ಆಸ್ಪಾರ್ಟೇಟ್ 34 ಮತ್ತು 91 ಅದನ್ನ ಹಿಡ್ಕೊಂಡಿವೆ. ಒಂದೊಂದೇ ಅಳೆದ ಮೇಲೇ ನನಗೆ ಧೈರ್ಯ ಬಂದಿದ್ದು. ಹೊಸಬರು ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳೋದು ಇದನ್ನೇ, ಪ್ರೋಟೀನಿನ ಬಣ್ಣದ ರಿಬ್ಬನ್ ಚಿತ್ರ ಆಮೇಲೆ ನೋಡಿ, ಮೊದಲು ಮ್ಯಾಪ್ ನೋಡಿ.

ಇನ್ನೊಂದು ವಿಷ್ಯ. ಈ ಸ್ಟ್ರಕ್ಚರ್ ಬಂದಾಗ ಎಂಜೈಮ್ ನೀರು ಬಳಸಿ ಸ್ಫಿಂಗೋಮೈಲಿನ್ ಮುರಿಯತ್ತೆ, ಕೋಲೀನ್ ಬಿಟ್ಟುಹೋಗತ್ತೆ, ಸೆರಮೈಡ್ ಫಾಸ್ಫೇಟ್ ಉಳಿಯತ್ತೆ ಅಂತಾನೇ ಎಲ್ರೂ ಅಂದ್ಕೊಂಡಿದ್ರು, ನಾನೂ ಹಾಗೇ ನೋಟ್ಸಲ್ಲಿ ನೀರಿಂದ ಫಾಸ್ಫೇಟ್ ಕಡೆ ಬಾಣ ಹಾಕಿದ್ದೆ. 2013ರಲ್ಲಿ ಫಾಸ್ಫರಸ್ ಎನ್‌ಎಂಆರ್ (ಫಾಸ್ಫರಸ್ ಪರಮಾಣು ಯಾವ ಥರದ ಅಣುವಿನಲ್ಲಿದೆ ಅಂತ ಕಾಂತಕ್ಷೇತ್ರದಲ್ಲಿ ತಿಳಿಯೋ ಪರೀಕ್ಷೆ) ಮಾಡಿ ನೋಡಿದ್ರೆ ಬರೋದು ಉಂಗುರದ ಥರ ಮುಚ್ಚಿಕೊಂಡ ಸೈಕ್ಲಿಕ್ ಫಾಸ್ಫೇಟ್ ಅಂತ ಗೊತ್ತಾಯ್ತು! ಕ್ರಿಸ್ಟಲ್ ತೋರಿಸೋದು ನಿಂತಿರೋ ಎಂಜೈಮನ್ನ, ಕೊನೇಲಿ ಏನು ಹೊರಗೆ ಬರತ್ತೆ ಅನ್ನೋದನ್ನ ಬೇರೆ ಪ್ರಯೋಗಾನೇ ಹೇಳಬೇಕು. ಆ ಪೇಪರ್ ಓದಿದ ರಾತ್ರಿ ಹಳೇ ಬಾಣ ಅಳಿಸಿ, ಸ್ಫಿಂಗೋಮೈಲಿನ್‌ದೇ ಹೈಡ್ರಾಕ್ಸಿಲ್ ಫಾಸ್ಫೇಟ್ ಕಡೆ ಬರೋ ಹಾಗೆ ಬರ್ಕೊಂಡು, ಮತ್ತೆ ಅದೇ ಎರಡು ಹಿಸ್ಟಿಡಿನ್ ಮುಂದೆ ಕೂತೆ.